ಮೊದಲು ಈಜು

ಈಜುಕೊಳದ ಬಾಗಿಲ ಪಕ್ಕದಲ್ಲಿ ಒಂದು ಪುಟ್ಟ ಕಿಟಕಿ ಇದೆ. ಅದರ ಹಿಂದೆ ಕೂತು ಒಳಗೆ ಬರುವವರ ಹೆಸರು ಬರೆದುಕೊಳ್ಳುವುದು ನನ್ನ ಕೆಲಸ. ಪದವಿ ಮುಗಿಸಿದವಳಿಗೆ ಇದೇನು ಕೆಲಸ ಎಂದು ಕೇಳುವವರಿದ್ದಾರೆ. ನನಗೆ ಇಷ್ಟ. ಹೊರಗಿನವರಿಗೆ ನನ್ನ ಕೈ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಹಾಗಾಗಿ ಅಲ್ಲಿ ಯಾರೂ ಇಲ್ಲವೆಂಬಂತೆ ಮಾತಾಡುತ್ತಾರೆ. ನಾನು ಮನೆಗೆ ಹೋಗಿ ಅದನ್ನೆಲ್ಲ ಡೈರಿಗೆ ಇಳಿಸುತ್ತೇನೆ.

ಕೊಳ ನೋಡಿಕೊಳ್ಳುವವರು ಅಪ್ಪ. ಅವರದು ಒಂದೇ ಕಟ್ಟಳೆ: ಒದ್ದೆ ಕಾಲು ಕೊಳದ ಅಂಚು ಬಿಟ್ಟು ಬಾಗಿಲಿಗೆ ಹೋಗುವ ಒಳ ಓಣಿಗೆ ಬರಕೂಡದು. ಮೂರು ವರ್ಷದ ಹಿಂದೆ ಆ ಓಣಿಯ ಟೈಲ್ಸ್ ಮೇಲೆ ಮೇಷ್ಟ್ರೊಬ್ಬರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಂದಿನಿಂದ ಅಲ್ಲಿ ಒಂದು ಹನಿ ನೀರು ಕಂಡರೂ ಅಪ್ಪ ನೆಲ ಒರೆಸುವ ಕೋಲು ಹಿಡಿದು ಯುದ್ಧಕ್ಕೆ ಹೊರಟವರಂತೆ ಬರುತ್ತಾರೆ.

ಒಂದು ಸಂಜೆ ಇದೇ ಕಿಟಕಿಯ ಮುಂದೆ ಜಗಳ ಶುರುವಾಯಿತು. ಶುರು ಮಾಡಿದ್ದು ಅಮ್ಮನ ತಮ್ಮ, ಬೇಕರಿ ಮಾವ.

"ದಿನಾ ಹದಿನೈದು ಅಂಗಡಿಗೆ ಸೈಕಲ್ ಮೇಲೆ ಬ್ರೆಡ್ ಹಾಕ್ತೀನಿ. ನನ್ನಷ್ಟು ಗಟ್ಟಿ ಕಾಲು ಈ ಊರಲ್ಲಿ ಯಾರಿಗಿದೆ, ತೋರ್ಸಿ ನೋಡೋಣ."

"ಕಾಲೇನೋ ಗಟ್ಟಿ, ಹೊಟ್ಟೆ ಮಾತ್ರ ನಿನ್ನ ಬನ್ನೇ," ಎಂದಳು ಇಸ್ತ್ರಿ ಅಕ್ಕ. ಎದುರು ಬೀದಿಯ ಲಾಂಡ್ರಿ ಅವಳದು. ಬೆಳಗಾದರೆ ಊರು ಸುತ್ತಿ ಓಡಿ ಬರುತ್ತಾಳೆ. "ಕೂತ್ಕೊಂಡು ಹೋಗೋದೂ ಒಂದು ಸಾಹಸಾನಾ? ಓಡು, ಆಗ ಗೊತ್ತಾಗುತ್ತೆ."

"ನಾಯಿ ಅಟ್ಟಿಸ್ಕೊಂಡು ಬಂದ್ರೆ ಯಾರು ಬೇಕಾದ್ರೂ ಓಡ್ತಾರೆ ಕಣಮ್ಮ," ಎಂದರು ಅಪ್ಪ. "ನೀರಿಗಿಳಿದಾಗ್ಲೇ ಎಲ್ಲರ ಬಂಡವಾಳ ಬಯಲಾಗೋದು."

"ಹಾಗಾದ್ರೆ ಭಾವ, ಮೂರೂ ಒಂದೇ ದಿನ ಆಗ್ಲಿ. ಊರೋರೆಲ್ಲ ಬರ್ಲಿ!" ಎಂದು ಮಾವ ಕಿಟಕಿಯ ಕಟ್ಟೆ ಗುದ್ದಿದರು. ನನ್ನ ಪೆನ್ನು ಕೆಳಗೆ ಬಿತ್ತು.

ಅದಕ್ಕೆ ಟ್ರಯಾಥ್ಲಾನ್ ಎಂಬ ಹೆಸರು ಇದೆಯೆಂದು ಅವರಿಗೆ ಗೊತ್ತಾದದ್ದು ವಾರದ ಮೇಲೆ. ಅಷ್ಟರಲ್ಲಿ ಮೊದಲು ಓಟ, ಆಮೇಲೆ ಸೈಕಲ್, ಕೊನೆಗೆ ಈಜು ಎಂದು ತೀರ್ಮಾನವಾಗಿತ್ತು. ತೀರ್ಮಾನ ಎಂದರೆ ಯಾರೂ ಚರ್ಚೆ ಮಾಡಿದ್ದಲ್ಲ. ನಮ್ಮ ಕೊಳಕ್ಕೆ ಬರುವವರೆಲ್ಲ ದಿನದ ದುಡಿಮೆ ಮುಗಿಸಿ ಬೆವರು ತೊಳೆದುಕೊಳ್ಳಲು ಬರುವವರು. ನೀರು ಕೊನೆಗೆ ಎನ್ನುವುದು ಅವರಿಗೆ ಊಟವಾದ ಮೇಲೆ ಕೈ ತೊಳೆದಷ್ಟೇ ಸಹಜ. ಅಪ್ಪನಿಗೂ ಅದೇ ಅನುಕೂಲ. ಎಲ್ಲರೂ ಮೈ ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡು, ಸಾವಕಾಶವಾಗಿ ಹೊರಗೆ ಹೋಗಬಹುದಲ್ಲ.

ನಾನು ಮಾತ್ರ ಗ್ರಂಥಾಲಯಕ್ಕೆ ಹೋಗಿ ಓದಿ ಬಂದಿದ್ದೆ. ಎಲ್ಲ ಕಡೆಯೂ ಈಜು ಮೊದಲು. ಓಡಿ, ಸೈಕಲ್ ತುಳಿದು ದಣಿದ ಕಾಲು ನೀರಿನಲ್ಲಿ ಸೆಟೆದುಕೊಂಡರೆ ಊರಿಕೊಳ್ಳಲು ಕೆಳಗೆ ನೆಲವಿರುವುದಿಲ್ಲ. ಊಟಕ್ಕೆ ಕೂತಾಗ, "ಅಪ್ಪ, ಕೆಲವು ಕಡೆ ಬೇರೆ ಥರಾನೂ ಮಾಡ್ತಾರಂತೆ..." ಎಂದೆ. "ಮಾಡ್ಕೊಳ್ಲಿ ಬಿಡು," ಎಂದರು ಅಪ್ಪ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ಇನ್ನೇನಾಗುತ್ತದೆ? ತಟ್ಟೆ ಎತ್ತಿಕೊಂಡು ಎದ್ದೆ.

ಮರು ಭಾನುವಾರ ಮೂವರೂ ಪರೀಕ್ಷೆಗೆಂದು ಓಡಿದರು, ಸೈಕಲ್ ತುಳಿದರು, ಕೊಳಕ್ಕೆ ಧುಮುಕಿದರು. ಆಳದ ಕಡೆಯ ಅಂಚಿನಲ್ಲಿ ನಿಂತಿದ್ದೆ. ಮಾವ ಎರಡನೆಯ ಸುತ್ತಿನ ನಡುವೆ ನಿಂತುಬಿಟ್ಟರು. ಮುಖ ಮುಳುಗಿತು, ಎದ್ದಿತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಮಾವ ಮೊದಲೇ ಕೋಡಂಗಿ. ನೋಡಲು ಬಂದವರು ಚಪ್ಪಾಳೆ ಹೊಡೆದರು. ಅಪ್ಪನಿಗೆ ಮಾತ್ರ ಗೊತ್ತಾಯಿತು. ಅವರು ಮೇಲೆ ಹತ್ತಿ, ಎಲೆ ತೆಗೆಯುವ ಬಲೆಯ ಉದ್ದನೆಯ ಕೋಲು ಚಾಚಿ ಮಾವನನ್ನು ಎಳೆದುಕೊಂಡರು.

"ಮೀನಖಂಡ ಅಲ್ವಾ, ನೀರು ಕಂಡ ತಕ್ಷಣ ಮೀನಾಗಕ್ಕೆ ಹೊರಡ್ತು!" ಎಂದರು ಮಾವ, ಸೆಟೆದ ಕಾಲು ತಿಕ್ಕಿಕೊಂಡು ಕೆಮ್ಮುತ್ತಲೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಟವೆಲ್ ಕೊಟ್ಟೆ. ಅದನ್ನು ಹಿಡಿಯಲು ಅವರ ಬೆರಳು ಮಡಚುತ್ತಿರಲಿಲ್ಲ.

"ಯಾರಿಗೂ ಹೇಳ್ಬೇಡ ಪುಟ್ಟಿ," ಎಂದರು ಮೆಲ್ಲಗೆ. "ಒಂದು ಗಳಿಗೆ, ಮುಗೀತು ಅಂದ್ಕೊಂಡೆ."

ಸ್ಪರ್ಧೆಗೆ ಎರಡು ವಾರವಿತ್ತು. ಆಗಲೇ ಮೂವತ್ತೆರಡು ಜನ ಹೆಸರು ಕೊಟ್ಟಿದ್ದರು. ಎಲ್ಲವನ್ನೂ ಬರೆದುಕೊಂಡವಳು ನಾನೇ.

ಅಕ್ಷರ ದುಂಡಗಿದೆ ಎಂದು ಫಲಕ ಬರೆಯುವ ಕೆಲಸವನ್ನೂ ನನಗೇ ಕೊಟ್ಟರು. ಏನು ಬರೆಯಬೇಕೆಂದು ಅಪ್ಪ ಹೇಳಿ, ನೀರು ಸೋಸುವ ಯಂತ್ರದ ಕಡೆ ಹೋದರು. ದಿನಾಂಕ ಬರೆದೆ, ಸಮಯ ಬರೆದೆ. ಆಮೇಲೆ ಕುಂಚ ಅದ್ದಿ, "ಮೊದಲು ಈಜು, ನಂತರ ಸೈಕಲ್, ಕೊನೆಗೆ ಓಟ" ಎಂದು ಬರೆದೆ. ಬಣ್ಣ ಆರುವ ಮೊದಲೇ ಗೇಟಿಗೆ ಕಟ್ಟಿ, ಕಿಟಕಿಯ ಹಿಂದೆ ಸೇರಿಕೊಂಡೆ.

ಸಂಜೆ ಮೊದಲು ನೋಡಿದವಳು ಇಸ್ತ್ರಿ ಅಕ್ಕ. "ಅಣ್ಣಾ, ಬನ್ನಿ ಇಲ್ಲಿ. ನಿಮ್ಮ ಮಗಳು ಎಲ್ಲಾ ತಲೆಕೆಳಗು ಮಾಡಿದ್ದಾಳೆ!"

ಜನ ಸೇರಿದರು. "ಓದಿ ಓದಿ ಹೀಗಾಯ್ತು ನೋಡಿ," ಎಂದು ಯಾರೋ ನಕ್ಕರು. ಅಪ್ಪ ಕಿಟಕಿಗೆ ಬಗ್ಗಿದರು. "ಏನೋ ಯೋಚ್ನೆಲಿ ಬರ್ದಿದ್ದೀಯ. ಹೋಗ್ಲಿ, ಅಳಿಸಿ ಬರಿ," ಎಂದರು, ಕೋಪವೇ ಇಲ್ಲದೆ.

ಹೂಂ ಎಂದರೆ ಸಾಕಿತ್ತು. ಕೈತಪ್ಪಿನಿಂದ ಆದದ್ದು ಎಂದು ಅವರೇ ದಾರಿ ಮಾಡಿಕೊಟ್ಟಿದ್ದರು. ಆದರೂ ಎದ್ದು ಬಾಗಿಲು ತೆಗೆದು ಹೊರಗೆ ಬಂದೆ.

"ತಪ್ಪಾಗಿ ಬರ್ದಿಲ್ಲ ಅಪ್ಪ. ಬೇಕೂಂತ್ಲೇ ಬರ್ದಿದ್ದು."

ಅಪ್ಪ ಫಲಕದ ಕಡೆ ತಿರುಗಿದರು.

"ದಣಿದ ಕಾಲು ಹಿಡ್ಕೊಳ್ಳುತ್ತೆ. ಆವತ್ತು ಒಬ್ರಿದ್ರು, ಎಳ್ಕೊಂಡ್ರಿ. ಮೂವತ್ತೆರಡು ಜನ ಇಳಿದ್ರೆ ಕೋಲು ಯಾರಿಗೆ ಅಂತ ಕೊಡ್ತೀರಿ?" ಮಾವನ ಕಡೆ ನೋಡಿದೆ. "ಮಾವ ತಮಾಷೆ ಮಾಡಿದ್ದಲ್ಲ. ಮುಳುಗ್ತಾ ಇದ್ರು."

ಯಾರೂ ನಗಲಿಲ್ಲ. ಮಾವ ಸೈಕಲ್ ಗಂಟೆಯನ್ನು ಉಗುರಿನಿಂದ ಕೆರೆಯುತ್ತ, "ಹೌದು ಭಾವ," ಎಂದರು. "ಅವಳು ಹೇಳ್ತಿರೋದು ಹೌದು."

"ಒದ್ದೆ ಕಾಲಲ್ಲಿ ಓಣಿ ದಾಟ್ಬೇಕಾಗುತ್ತಲ್ಲೋ," ಎಂದರು ಅಪ್ಪ. ಆ ದನಿಯಲ್ಲಿ ಹಟ ಇರಲಿಲ್ಲ, ಭಯ ಇತ್ತು. ಮೇಷ್ಟ್ರು ಬಿದ್ದಾಗ ಅವರನ್ನು ಎತ್ತಿದ್ದು ಅಪ್ಪನೇ.

"ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ?" ಎಂದಳು ಇಸ್ತ್ರಿ ಅಕ್ಕ. "ಲಾಡ್ಜಿನವರು ಬಿಟ್ಟುಹೋದ ಹಳೇ ಬೆಡ್‌ಶೀಟು ರಾಶಿ ಬಿದ್ದಿವೆ. ಎರಡು ಪದರ ಹಾಸೋಣ."

ಮಾತಿನಿಂದ ಒಪ್ಪುವವರಲ್ಲ ಅಪ್ಪ. ಮರುದಿನ ಬೆಡ್‌ಶೀಟು ಹಾಸಿ, ಅಂಚಿಗೆ ಹಲಗೆ ಇಟ್ಟು, ಬಕೆಟ್ಟಿನಲ್ಲಿ ಕಾಲು ಅದ್ದಿ ಓಣಿಯ ಉದ್ದಕ್ಕೂ ಓಡಿದರು. ಒಮ್ಮೆಯಲ್ಲ, ಆರು ಸಲ. ಆರನೆಯ ಸಲ ಬೇಕೆಂದೇ ಜಾರಲು ನೋಡಿದರು, ಆಗಲಿಲ್ಲ. "ಆಯ್ತು, ಹಾಗೇ ಇರ್ಲಿ ಬೋರ್ಡು," ಎಂದು ಏದುಸಿರು ಬಿಡುತ್ತ ಹೇಳಿದರು.

ಸ್ಪರ್ಧೆಯ ಬೆಳಗ್ಗೆ ಬಿಳಿ ಹಾಸಿನ ಮೇಲೆ ಮೂವತ್ತೆರಡು ಜೊತೆ ಒದ್ದೆ ಕಾಲು ತಪತಪನೆ ಓಡಿ ಬಂದವು. ನೀರಿನಿಂದ ಕೊನೆಗೆ ಎದ್ದವರು ಮಾವ. ಆದರೆ ನಗುತ್ತ ಎದ್ದರು. ಸೈಕಲ್ ಮೇಲೆ ಹತ್ತು ಮಂದಿಯನ್ನು ಹಿಂದೆ ಹಾಕಿದರಂತೆ. ನಾನು ಓಟದ ದಾರಿಯಲ್ಲಿ, ಕ್ಷೌರದಂಗಡಿಯ ತಿರುವಿನಲ್ಲಿ, ನೀರಿನ ಲೋಟ ಹಿಡಿದು ನಿಂತಿದ್ದೆ. ಮಾವ ಬಂದರು, ಲೋಟಕ್ಕೆ ಕೈ ಚಾಚಿದರು, "ಅಯ್ಯಯ್ಯೋ!" ಎಂದು ಕಾಲು ಹಿಡಿದುಕೊಂಡು ಫುಟ್‌ಪಾತಿನ ಮೇಲೆ ಕುಕ್ಕರಿಸಿದರು. ಬೇಕರಿಯ ಒಲೆಯಿಂದ ಹಿಡಿದು ಸೈಕಲ್ ಕಂಡುಹಿಡಿದವನವರೆಗೆ ಎಲ್ಲರಿಗೂ ಬೈದರು.

ಹಿಂದಿನಿಂದ ಓಡಿ ಬಂದ ಅಪ್ಪ ನಿಂತುಬಿಟ್ಟರು. ಮಂಡಿಯೂರಿ ಮಾವನ ಕಾಲ್ಬೆರಳು ಹಿಡಿದು ಹಿಂದಕ್ಕೆ ಒತ್ತಿದರು.

"ನೀವು ಹೋಗಿ ಭಾವ, ಲಾಂಡ್ರಿಯವಳು ಆಗ್ಲೇ ಮುಂದೆ ಹೋದ್ಲು!"

"ಹೋಗ್ಲಿ ಬಿಡಯ್ಯ. ಓಡೋದೇ ಅವಳ ಕೆಲಸ."

ಅಪ್ಪ ಮಾವನ ಕಾಲನ್ನೇ ನೋಡುತ್ತಿದ್ದರು. ಆಮೇಲೆ "ಸದ್ಯ, ಕೆಳಗೆ ನೆಲ ಇದೆ," ಎಂದು ಅಂಗೈಯಿಂದ ಫುಟ್‌ಪಾತಿನ ಕಲ್ಲನ್ನು ಒಮ್ಮೆ ತಟ್ಟಿದರು, ಒಳ್ಳೆಯ ಎಮ್ಮೆಯ ಬೆನ್ನು ತಟ್ಟುವ ಹಾಗೆ.

"ನಿಂಗೆ ಇನ್ನೂ ಏನೇನು ಗೊತ್ತಿದೆ ಹೇಳು," ಎಂದರು ನನಗೆ. "ಇವನು ಏಳೋವರೆಗೂ ನಾನು ಎಲ್ಲಿಗೂ ಹೋಗಲ್ಲ."

ಬರುವವರಿಗೆ ಲೋಟ ಕೊಡುತ್ತಲೇ ಹೇಳತೊಡಗಿದೆ. ಮಾವ ನಡುನಡುವೆ "ಅಯ್ಯೋ" ಎನ್ನುತ್ತಿದ್ದರು. ಅಪ್ಪ ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ.