ಅಜ್ಜಿಯ ಹಿಂದೆ ಬೆಕ್ಕಿನ ದಂಡು

ನಮ್ಮ ಮನೆಯಲ್ಲಿ ಬೆಳ್ಳಗೆ ಹುಟ್ಟಿದವಳು ಕೆಂಪಿ ಒಬ್ಬಳೇ. ಅವಳ ಅಪ್ಪ, ಅಂದರೆ ನನ್ನ ಅಣ್ಣ ಕಂಠಪ್ಪ, ಅತ್ತಿಗೆ ಗುರುಸಿದ್ದಮ್ಮ, ನಾನು, ಎಲ್ಲರೂ ರಾಗಿಮುದ್ದೆಯ ಬಣ್ಣದವರು. ಹಾಗಾಗಿ ನಮ್ಮಜ್ಜಿ ಶಿವನಂಜಮ್ಮ ಆ ಕೂಸನ್ನು ಹುಟ್ಟಿದಾಗಿನಿಂದ ನಡುಮನೆ ದಾಟಿಸಿರಲಿಲ್ಲ.

‘ಬಿಸ್ಲು ಬಿದ್ರೆ ಕಪ್ಪಾಯ್ತಳೆ ಕಣ್ರವ್ವ. ದೇವ್ರು ಒಂದಕ್ಕಾದ್ರೂ ಬಣ್ಣ ನೋಡಿ ಕೊಟ್ಟವ್ನೆ, ನಾವು ಕೆಡಿಸಬಾರ್ದು.’

ಕೊಟ್ಟಿಗೆಯಲ್ಲಿ ಕರೆಯುವ ಎಮ್ಮೆಗಳಿದ್ದರೂ ಕೂಸಿನ ಬಾಯಿಗೆ ಹಾಲು ಹೋಗುತ್ತಿರಲಿಲ್ಲ. ಲೋಟ ಕಂಡರೆ ಸಾಕು, ಕೆಂಪಿ ತುಟಿ ಬಿಗಿದು ಗೋಡೆ ನೋಡುತ್ತಿದ್ದಳು. ಅಜ್ಜಿ ಆ ಹಾಲಿಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು ನಿಶ್ಚಿಂತಳಾಗುತ್ತಿದ್ದಳು.

ಎರಡೂವರೆ ವರ್ಷವಾದರೂ ಕೆಂಪಿ ನಡೆಯಲಿಲ್ಲ. ನಿಲ್ಲಿಸಿದರೆ ಕಾಲು ಬಿಲ್ಲಿನಂತೆ ಬಾಗುತ್ತಿತ್ತು, ತೊಪ್ಪೆಂದು ಕೂತುಬಿಡುತ್ತಿದ್ದಳು. ಅತ್ತಿಗೆ ಅಕ್ಕಿ ಆರಿಸುವ ನೆಪದಲ್ಲಿ ಮೊರದ ಮೇಲೆ ಬಗ್ಗಿ ಅಳುವುದನ್ನು ನಾನು ನೋಡಿದೆ. ಆಗಷ್ಟೇ ಬಿ.ಎ. ಮುಗಿಸಿ ಮೈಸೂರಿನಿಂದ ಹಂಪಾಪುರಕ್ಕೆ ಬಂದಿದ್ದೆ. ‘ಡಾಕ್ಟರಿಗೆ ತೋರಿಸೋಣ’ ಎಂದು ಅಣ್ಣನ ಕಿವಿಯಲ್ಲಿ ಹೇಳಿದೆ. ಕಿವಿಯಲ್ಲೇ ಏಕೆಂದರೆ, ನನಗೆ ಜೋರಾಗಿ ಮಾತಾಡಿ ಗೊತ್ತಿರಲಿಲ್ಲ. ನಾನು ಬಾಯಿ ತೆರೆದರೆ ಮನೆಯವರು ಕೆಲಸ ನಿಲ್ಲಿಸಿ ಹತ್ತಿರ ಬರಬೇಕಾಗುತ್ತಿತ್ತು.

ಅಜ್ಜಿ ಹೇಳಿದಂತೆ ಕೂಸಿಗೆ ತಲೆತುಂಬ ಹೊದಿಸಿ ಮೋಟಾರಿನಲ್ಲಿ ಮೈಸೂರಿಗೆ ಕರೆದೊಯ್ದೆವು. ಡಾಕ್ಟರು ಕಾಲು ಒತ್ತಿ ನೋಡಿ, ‘ಮೂಳೆ ಮೆದು. ಹಾಲು ಕುಡಿಸಿ. ಆದರೆ ಹಾಲಿನ ಸತ್ವ ಮೂಳೆಗೆ ಹತ್ತಬೇಕಾದರೆ ವಿಟಮಿನ್ ಡಿ ಬೇಕು. ಅದು ಬಿಸಿಲಿನಿಂದ ಬರುತ್ತದೆ. ಈ ಮಗು ಬಿಸಿಲನ್ನೇ ಕಂಡಿಲ್ಲ ಅಲ್ಲವೇ?’ ಎಂದರು. ಜೊತೆಗೆ ಆ ವಿಟಮಿನ್ ಇರುವ ಒಂದು ಸೀಸೆ ಮದ್ದು ಬರೆದುಕೊಟ್ಟರು. ದಿನಕ್ಕೊಂದು ಚಮಚ.

ಅಂಗಡಿಯಲ್ಲಿ ಅದರ ಬಿರಡೆ ತೆಗೆದು ಮೂಸಿದ ಅಣ್ಣನ ಮುಖ ಹುಳ್ಳಗಾಯಿತು. ನನ್ನತ್ತ ತಿರುಗಿದ.

‘ಸಣ್ಣೀ, ಇದು ಮೀನಿನೆಣ್ಣೆ ಕಣೇ!’

ನಾವು ಲಿಂಗ ಕಟ್ಟಿದ ಮನೆಯವರು. ಮೀನು ಹುರಿಯುವ ವಾಸನೆ ಹೊಳೆಯ ಕಡೆಯಿಂದ ಗಾಳಿಯಲ್ಲಿ ಬಂದರೂ ಅಜ್ಜಿ ಕಿಟಕಿ ಮುಚ್ಚಿಸುತ್ತಿದ್ದಳು. ಕೊಡುವುದೋ ಬಿಡುವುದೋ ತೀರ್ಮಾನವಾಗದೆ, ಸೀಸೆಯನ್ನು ಬಚ್ಚಲುಮನೆಯ ಗೂಡಿನಲ್ಲಿ ಹರಳೆಣ್ಣೆಯ ಹಿಂದೆ ಅಡಗಿಸಿಟ್ಟೆವು. ಬಿಸಿಲಿನ ಮಾತಿಗಂತೂ ಅಜ್ಜಿ ಕಿವಿಯನ್ನೇ ಕೊಡಲಿಲ್ಲ. ಅತ್ತಿಗೆ ಮಾತ್ರ ‘ಕೊಡಕ್ಕೂ ಕೈ ಬರಲ್ಲ, ಬುಡಕ್ಕೂ ಮನ್ಸಿಲ್ಲ’ ಎಂದು ಒಳಗೂ ಹೊರಗೂ ಓಡಾಡುತ್ತಿದ್ದಳು.

ಅದು ಮಾಗಿಯ ಕಾಲ. ಅಜ್ಜಿಯ ಮಂಡಿ ಹಿಡಿದಿತ್ತು, ನೆಗಡಿಗೆ ಮೂಗೂ ಅರ್ಧ ಕಟ್ಟಿತ್ತು. ಹರಳೆಣ್ಣೆಗೆಂದು ಗೂಡಿಗೆ ಕೈ ಹಾಕಿದವಳಿಗೆ ಪೇಟೆಯ ಸೀಸೆ ಸಿಕ್ಕಿತು. ಎಣ್ಣೆ ಎಂದರೆ ನಮ್ಮಲ್ಲಿ ತಲೆಗೆ, ಮೈಗೆ, ದೀಪಕ್ಕೆ. ಚಮಚದಲ್ಲಿ ಕುಡಿಯುವ ಎಣ್ಣೆ ಅವಳ ಕಲ್ಪನೆಯಲ್ಲೇ ಇರಲಿಲ್ಲ. ಮೊಮ್ಮಗ ತನಗಾಗಿ ಗುಟ್ಟಾಗಿ ತಂದಿದ್ದಾನೆ ಎಂದುಕೊಂಡು ಕಣ್ಣು ತುಂಬಿಕೊಂಡಳು. ಅರ್ಧ ಸೀಸೆ ಎರಡೂ ಮಂಡಿಗೆ ತಿಕ್ಕಿದಳು.

‘ವಾಸ್ನೆ ಕೆಟ್ಟದಾಗದೆ. ಮದ್ದು ಅಂದ್ಮೇಲೆ ಅಂಗೇ ಇರ್ಬೇಕು’ ಎಂದು ತನಗೆ ತಾನೇ ಹೇಳಿಕೊಂಡು, ಸೋಮವಾರದ ಅಭಿಷೇಕಕ್ಕೆ ಚೊಂಬಿನಲ್ಲಿ ಹಾಲು ಹಿಡಿದು ಗುಡಿಗೆ ಹೊರಟಳು. ನಾನು ಹೂವಿನ ಬುಟ್ಟಿ ಹಿಡಿದು ಹಿಂದೆ ಹೋದೆ. ಏನೋ ನಾರುತ್ತಿದೆ ಅನ್ನಿಸಿತು. ಚರಂಡಿ ಇರಬೇಕು ಎಂದುಕೊಂಡೆ.

ಮೊದಲು ಒಂದು ಕರಿ ಬೆಕ್ಕು ಬಂತು. ಆಮೇಲೆ ಹಂಡಬಂಡ ಬಣ್ಣದ್ದು, ಮೋಟು ಬಾಲದ್ದು. ಬೆಸ್ತರ ಕೇರಿ ತಿರುವಿಗೆ ಬರುವಷ್ಟರಲ್ಲಿ ಬೆಕ್ಕಿನ ದಂಡೇ ಬಾಲ ನೆಟ್ಟಗೆ ಮಾಡಿಕೊಂಡು, ದೇವರ ಉತ್ಸವದ ಹಿಂದೆ ಬರುವ ಭಕ್ತರಂತೆ ಹಾಡುತ್ತಾ ಬರುತ್ತಿತ್ತು.

‘ಆಲಿನ ವಾಸ್ನೆಗೆ ಬಂದವೆ ಮುಂಡೇವು’ ಎಂದು ಅಜ್ಜಿ ಚೊಂಬಿಗೆ ಸೆರಗು ಮುಚ್ಚಿದಳು. ಅವು ಚೊಂಬನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮೋಟು ಬಾಲದ್ದು ಸೀರೆಯ ನೆರಿಗೆಯೊಳಗೇ ನುಗ್ಗಿತು.

‘ಅಯ್ಯಯ್ಯೋ! ನನ್ ಮಂಡಿ ನೆಕ್ತದೆ ಕಣೇ!’

ಬಾಗಿಲಲ್ಲಿ ಬಲೆ ಬಿಡಿಸುತ್ತಿದ್ದ ಚಿಕ್ಕಬೀರಮ್ಮ ಬಲೆಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು. ‘ಏನವ್ವಾರೇ, ಬೆಕ್ಕುಗೊಳ್ಗೂ ದೀಕ್ಷೆ ಕೊಡ್ಸಿದೀರಾ?’

ಗುಡಿಯ ಮೆಟ್ಟಿಲು ನಾಲ್ಕು ಮಾರು ದೂರದಲ್ಲಿತ್ತು. ಆಗ ನನಗೆ ಸೀಸೆ ಹೊಳೆಯಿತು. ಅಜ್ಜಿ ಹೊಸ್ತಿಲ ಮೇಲೆ ಕಾಲಿಡುವ ಮೊದಲು ಹೇಳಲೇಬೇಕು. ಇಡೀ ಹಂಪಾಪುರ ನನ್ನ ದನಿಯನ್ನು ಮೊದಲ ಸಲ ಕೇಳಿತು:

‘ಅಜ್ಜೀ! ಅದು ಮೀನಿನೆಣ್ಣೆ!’

ಅಜ್ಜಿ ನಿಂತಳು. ಬೆಕ್ಕುಗಳೂ ನಿಂತವು.

ಆ ದಿನ ಅಜ್ಜಿ ಬೂದಿ, ಸೀಗೆಪುಡಿ, ಕಡಲೆಹಿಟ್ಟು, ಕೊನೆಗೆ ಗಂಜಲ, ಎಲ್ಲವನ್ನೂ ತಿಕ್ಕಿ ನೋಡಿದಳು. ವಾಸನೆ ಬಿಡಲಿಲ್ಲ. ಅಣ್ಣನಿಗೆ ಬೈದಳು, ನನಗೆ ಬೈದಳು, ನನಗೆ ಕಲಿಸಿದ ಕಾಲೇಜಿಗೂ ಬೈದಳು. ‘ಕೂಸಿಗೆ ಮೀನ್ ಕುಡ್ಸಕ್ಕೆ ಒಂಟಿದ್ರಲ್ಲ!’ ಎಂದು ಮಿಕ್ಕ ಎಣ್ಣೆಯನ್ನು ತಿಪ್ಪೆಗೆ ಸುರಿದಳು. ಆಮೇಲೆ ಶಪಥ ಮಾಡಿದಳು: ‘ಈ ನಾತ ಓಗೋಗಂಟ ದೇವ್ರಿರೋ ಮನೆ ಒಳೀಕೆ ಕಾಲಿಡಾಕಿಲ್ಲ.’ ಹಗಲಿಗೆ ಹಿತ್ತಲಿನ ಒಗೆಯುವ ಕಲ್ಲು, ರಾತ್ರಿಗೆ ಹುಲ್ಲಿನ ಕೊಟ್ಟಿಗೆ. ಬೆಕ್ಕುಗಳು ಬೇಲಿ ಹಾರಿ ಬಂದು ಅವಳ ಸುತ್ತ ಸಭೆ ಸೇರಿದವು.

ಒಳಗೆ ಕೆಂಪಿ ರಂಪ ತೆಗೆದಳು. ಅಜ್ಜಿಯ ತೊಡೆ ಬಿಟ್ಟು ಅವಳು ಉಂಡದ್ದಿಲ್ಲ, ಮಲಗಿದ್ದಿಲ್ಲ. ಹಿತ್ತಲ ಬಾಗಿಲವರೆಗೆ ತೆವಳಿಬಂದು ಹೊಸ್ತಿಲು ಬಡಿಯುತ್ತಿದ್ದಳು.

‘ಅವ್ಳ ಈಚೆಗೆ ಬುಡ್ಬೇಡ! ಬಿಸ್ಲು!’ ಎಂದು ಅಜ್ಜಿ ಕೂಗುವಳು.

‘ನೀನೇ ಒಳಗ್ ಬಾ ಅಂಗಾದ್ರೆ’ ಎಂದು ಅತ್ತಿಗೆ.

‘ನಾ ಬರಾಕಿಲ್ಲ!’

‘ಅವ್ಳೂ ಸುಮ್ಕಿರಾಕಿಲ್ಲ!’

ಮಾರನೆಯ ಮಧ್ಯಾಹ್ನದವರೆಗೆ ಇದೇ. ಕೂಸು ಅತ್ತೂ ಅತ್ತೂ ಬಿಕ್ಕತೊಡಗಿದಾಗ ಅಜ್ಜಿಯೂ ಕಲ್ಲಿನ ಮೇಲೆ ಕೂತು ಗೊಳೋ ಎಂದಳು. ಮೂಗು ಒರೆಸಿಕೊಂಡು ಕೂಗಿದಳು: ‘ಎತ್ಕೊಂಬಾರೇ ಅತ್ಲಾಗೆ! ಬಣ್ಣ ಕಟ್ಕಂಡು ನಾನೇನ್ ಮಾಡ್ಲಿ!’

ಅತ್ತಿಗೆ ಇನ್ನೊಂದು ಮಾತು ಹುಟ್ಟುವ ಮೊದಲೇ ಕೂಸನ್ನು ಬಿಸಿಲಿಗೆ ತಂದು ಅಜ್ಜಿಯ ಮಡಿಲಿಗೆ ಹಾಕಿದಳು. ಕೆಂಪಿ ಕಣ್ಣು ಕಿರಿದು ಮಾಡಿ, ಒಂದು ಸೀನು ಸೀನಿ, ಬೆಕ್ಕುಗಳನ್ನು ನೋಡಿ ಕೇಕೆ ಹಾಕಿದಳು.

ಮಂಡಿ ನೆಕ್ಕುವುದನ್ನು ತಪ್ಪಿಸಲು ಅಜ್ಜಿ ಬೆಕ್ಕುಗಳಿಗೆ ತೆಂಗಿನ ಚಿಪ್ಪಿನಲ್ಲಿ ಹಾಲು ಹಾಕಿಸಿದಳು. ಅವು ಲೊಚಲೊಚ ನೆಕ್ಕುತ್ತಿದ್ದರೆ ಕೆಂಪಿ ಬಾಯಿ ತೆರೆದು ನೋಡಿದಳು. ಆಮೇಲೆ ಚಿಪ್ಪಿಗೇ ಕೈ ಹಾಕಿದಳು.

‘ಥೂ, ಎಂಜ್ಲು! ಏ ಸಣ್ಣೀ, ಇವ್ಳಿಗೂ ಒಂದು ಚಿಪ್ಪು ತಾರೇ!’

ತೊಳೆದ ಚಿಪ್ಪಿನಲ್ಲಿ ಕಾಯಿಸಿದ ಹಾಲು ಕೊಟ್ಟೆ. ಲೋಟಕ್ಕೆ ತುಟಿ ತೆರೆಯದವಳು ಬೆಕ್ಕಿನಂತೆ ಬಗ್ಗಿ, ನಾಲಿಗೆ ಚಾಚಿ, ಮೂಗು ಅದ್ದಿ, ಅಷ್ಟೂ ಕುಡಿದಳು. ಅತ್ತಿಗೆ ನನ್ನನ್ನು ತಬ್ಬಿಕೊಂಡು ಗಿರಗಿರನೆ ತಿರುಗಿಸಿಬಿಟ್ಟಳು.

ನಾತ ಹೋಗಲು ಬಹಳ ದಿನ ಹಿಡಿಯಲಿಲ್ಲ. ಆದರೆ ಅಜ್ಜಿ ಒಳಗೆ ಹೋದರೆ ಕೂಸು ಹಾಲು ಮುಟ್ಟುವುದಿಲ್ಲ, ಬೆಕ್ಕಿಲ್ಲದಿದ್ದರೂ ಮುಟ್ಟುವುದಿಲ್ಲ. ಹೀಗಾಗಿ ಮಾಗಿ ಕಳೆದು, ಶಿವರಾತ್ರಿ ಕಳೆದು, ಹುಣಸೆ ಬಡಿಯುವ ಕಾಲ ಬಂದರೂ ದಿನಾ ಬೆಳಗಿನ ಬಿಸಿಲಲ್ಲಿ ಅಜ್ಜಿ, ಮರಿಮೊಮ್ಮಗಳು, ಬೆಕ್ಕುಗಳು ಸಾಲಾಗಿ ಕೂರುತ್ತಿದ್ದರು. ಕೆಂಪಿ ಹುರಿದ ಕಡಲೆಯ ಬಣ್ಣಕ್ಕೆ ತಿರುಗಿದಳು. ಆ ಮಾತನ್ನು ಯಾರೂ ಎತ್ತಲಿಲ್ಲ.

ಒಂದು ಬೆಳಿಗ್ಗೆ ಮೋಟು ಬಾಲದ್ದು ಹಾಲು ಮುಗಿಸಿ ಎದ್ದು ಹೊರಟಿತು. ಕೆಂಪಿ ‘ಏಯ್!’ ಎಂದಳು. ಕಲ್ಲು ಹಿಡಿದು ಎದ್ದಳು. ಕಲ್ಲು ಬಿಟ್ಟಳು.

‘ಯಾರೂ ಉಸ್ರೆತ್ಬೇಡಿ’ ಎಂದು ಅಜ್ಜಿ ಪಿಸುಗುಟ್ಟಿದಳು. ಅತ್ತಿಗೆ ಹಿಂಡುತ್ತಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡಳು. ನೀರು ಅವಳ ಕಾಲ ಮೇಲೇ ಸೋರುತ್ತಿತ್ತು. ಕೆಂಪಿ ಒಂದು ಹೆಜ್ಜೆ ಇಟ್ಟಳು. ಓಲಾಡಿದಳು. ಇನ್ನೊಂದು ಇಟ್ಟಳು. ಬೆಕ್ಕನ್ನು ಮರೆತು ಅಜ್ಜಿಯ ಕಡೆ ತಿರುಗಿ, ಎರಡೂ ಕೈ ಚಾಚಿ, ಕೇಕೆ ಹಾಕುತ್ತಾ ಬಂದಳು.

ಅಜ್ಜಿಯೂ ಎದ್ದು ನಿಂತು ಕೈ ಚಾಚಿದಳು. ಕೂಸಿನ ಬೆರಳು ಇನ್ನೇನು ತಗಲಬೇಕು, ಅಷ್ಟರಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

‘ಬಾ ನನ್ನವ್ವ,’ ಎಂದಳು, ‘ಇನ್ನೊಸಿ ಬಾ.’