ಗೋಡೆಯಾಚೆಯ ಗುಂಡಿ

ಬೂಟು ಕಾಲಿಗೆ ಹೋಗುತ್ತಿರಲಿಲ್ಲ. ಮಗಳು ಅಪ್ಪನ ಹಿಮ್ಮಡಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಒತ್ತಿ ನೂಕಿದಳು.

"ಬಿಡೇ, ಸೆಟೆದ ಕಾಲು ಅದು," ಎಂದರು ಸೋದರತ್ತೆ. "ನೋವಾಗುತ್ತೆ."

"ಇವರಿಗೆ ಯಾವತ್ತು ಏನು ನೋವಾಗಿತ್ತು, ಅತ್ತೆ?"

ಬಾಗಿಲಲ್ಲಿ ನಿಂತಿದ್ದ ಲಾರಿ ಮಾಲೀಕ ಕೆಮ್ಮಿದ. ಹೆಣ ಸಾಗಿಸಲು ಅವನ ಲಾರಿಯೇ ಗತಿ. "ಮಾಣಿಕ್ಯ ಹೊರೋಕೆ ಅಂತ ತಗೊಂಡ ಗಾಡಿ. ಕೊನೆಗೆ ಇಲ್ಲಪ್ಪನ್ನೇ ಹೊರೋ ಹಾಗಾಯ್ತು ನೋಡಿ."

'ಇಲ್ಲಪ್ಪ' ಎಂಬುದು ಊರು ಅಪ್ಪನಿಗಿಟ್ಟ ಹೆಸರು. ಸೋದರತ್ತೆ ದುರುಗುಟ್ಟಿ ನೋಡಿದರು. ಮಗಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವಳ ಸಿಟ್ಟಿಗೆ ಮಂಚದ ಮೇಲಿದ್ದವರೊಬ್ಬರೇ ಸಾಕಾಗಿತ್ತು.

*

ವರ್ಷಗಳ ಹಿಂದೆ ಬೆಟ್ಟದ ಬುಡದಲ್ಲಿ ಮಾಣಿಕ್ಯ ಕಂಡಾಗ, ಎಷ್ಟಿದೆ ಎಂದು ಪರೀಕ್ಷಿಸಿ ಹೇಳಲು ಕಂಪನಿ ನೇಮಿಸಿದ್ದು ಅಪ್ಪನನ್ನು. ಸಾಲಾಗಿ ಗುಂಡಿ ತೋಡಿಸಿ, ಜಲ್ಲಿಮಣ್ಣನ್ನು ಜರಡಿಯಲ್ಲಿ ತೊಳೆದು, ಕೆಂಪು ಕಲ್ಲು ಆರಿಸುವ ಕೆಲಸ. ಕಾಲೇಜು ಮುಗಿಸಿದ್ದ ಅವಳು ಜರಡಿ ಹಿಡಿಯುತ್ತಿದ್ದಳು. ಕಂಪನಿಯ ಪ್ರಯೋಗಾಲಯದಲ್ಲಿ ಅವಳಿಗೊಂದು ಕೆಲಸ, ಕಂಪನಿಯ ಎಂಜಿನಿಯರನೊಡನೆ ಮದುವೆ, ಎರಡೂ ಮಾತಾಗಿದ್ದವು. ಬುಡದಲ್ಲಿ ಸಿಕ್ಕಿದ್ದು ಬರೀ ಪುಡಿಗಲ್ಲು. ಸ್ಮಶಾನದ ಗೋಡೆಯತ್ತ ಬಂದಷ್ಟೂ ಕಲ್ಲು ದಪ್ಪ, ಬಣ್ಣ ಗಾಢ. ಕಲ್ಲಿನ ಪದರ ಗೋಡೆಯಾಚೆಗೂ ಹರಿದಿದ್ದರೆ ಗಣಿ, ಇಲ್ಲದಿದ್ದರೆ ಕಂಪನಿಯ ಗಂಟುಮೂಟೆ.

ಕೊನೆಯ ಗುಂಡಿ ಬೀಳಬೇಕಿದ್ದದ್ದು ಗೋಡೆಯಾಚೆ, ಮಗುವಾಗಿದ್ದಾಗಲೇ ತೀರಿಹೋದ ಅವಳ ತಮ್ಮನನ್ನು ಹೂತಲ್ಲಿ.

"ಇದನ್ನ ನಾನೊಬ್ಬನೇ ನೋಡ್ಕೋತೀನಿ. ನೀನು ಮನೆಗೆ ಹೋಗಮ್ಮ," ಎಂದಿದ್ದರು ಅಪ್ಪ. ಸಂಜೆ ಬಂದಾಗ ಅವರ ಕೈಯಲ್ಲಿದ್ದ ಜರಡಿ ಒಣಗಿತ್ತು. "ಇಲ್ಲ. ಗೋಡೆ ಹತ್ರಾನೇ ಪದರ ಮುಗಿದುಹೋಗಿದೆ."

ಕಂಪನಿ ಹೊರಟಿತು. ಕೊನೆಯ ಜೀಪಿನಲ್ಲಿ ಎಂಜಿನಿಯರನೂ ಹೊರಟ. ಗಾಳಿಗೋಪುರ ಕಟ್ಟಿದ್ದ ಊರು ಅಪ್ಪನಿಗೆ ಹಿಡಿಶಾಪ ಹಾಕಿತು, ಆ 'ಇಲ್ಲ'ವನ್ನೇ ಹೆಸರಾಗಿಸಿತು. "ಸರಿಯಾಗಿ ನೋಡಿದ್ರಾ ಅಪ್ಪ?" ಎಂದು ಅವಳು ಕೇಳಿದಾಗಲೆಲ್ಲ, "ನೋಡಿದ್ದೆ" ಎಂದಷ್ಟೇ ಉತ್ತರ.

*

ಮಗನ ಪಕ್ಕದಲ್ಲೇ ಜಾಗ ಬೇಕೆಂಬುದು ಅಪ್ಪನ ಕಡೆಯ ಮಾತು. ಗುಂಡಿ ತೋಡುವವನು ಸೊಂಟದ ಮಟ್ಟಕ್ಕೆ ನಿಲ್ಲಿಸಿ ಬೆವರು ಒರೆಸಿಕೊಂಡ.

"ಇನ್ನೂ ಆಳ ತೆಗಿ," ಎಂದಳು ಮಗಳು.

"ಸಾಕಕ್ಕ. ಇಲ್ಲಿ ಎಲ್ಲರಿಗೂ ಇಷ್ಟೇ."

"ತೆಗಿ. ಮತ್ತೆ ಎದ್ದು ಬಂದು ಇಲ್ಲ ಅನ್ನೋದು ಬೇಡ."

ಲಾರಿ ಮಾಲೀಕ ನಕ್ಕ. ಸೋದರತ್ತೆಯ ಮುಖ ನೋಡಿ ನಗು ನುಂಗಿಕೊಂಡ.

ಗುದ್ದಲಿ ಜಲ್ಲಿಗೆ ತಾಗಿತು. ಮೇಲೆ ಬಂದ ಒದ್ದೆ ಮಣ್ಣು ಅವಳ ಕಾಲ ಬಳಿ ಬಿತ್ತು. ಅಭ್ಯಾಸಬಲದಿಂದ ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿದಳು. ಕಡಲೆಕಾಳಿನಷ್ಟು ದಪ್ಪದ ಕಲ್ಲೊಂದು ಬೆರಳಲ್ಲಿ ಉಳಿಯಿತು. ಉಗುರಿನಿಂದ ಕೆರೆದಳು. ಕೆಂಪು. ಅದರ ಪಕ್ಕದಲ್ಲೇ ಇನ್ನೊಂದು.

ಅಪ್ಪ ಇಲ್ಲಿ ಗುಂಡಿ ತೋಡಿಸಿಯೇ ಇರಲಿಲ್ಲ.

ಪಕ್ಕದ ಪುಟ್ಟ ಗುಡ್ಡೆಯನ್ನು ನೋಡಿದಳು. ಸತ್ತ ಮಗ ಅಲುಗಬಾರದೆಂದು ಬದುಕಿದ್ದ ಮಗಳನ್ನು ಹೂತರು. ಒಂದು ಮಾತು ಹೇಳಿ ಹೂಳಬಹುದಿತ್ತಲ್ಲ. ತಮ್ಮನ ಮೇಲೆ ಗುದ್ದಲಿ ಹಾಕಲಾರೆ ಎಂದಿದ್ದರೆ, ಜರಡಿಯನ್ನು ಅವಳೇ ಬಿಸಾಡುತ್ತಿದ್ದಳು. ಅವಳನ್ನು ಅಷ್ಟೂ ನಂಬಲಿಲ್ಲ.

"ಏನಮ್ಮ ಸಿಕ್ತು?" ಲಾರಿ ಮಾಲೀಕ ಕತ್ತು ಚಾಚಿದ.

ತೋರಿಸಿದರೆ ಸಾಕು, ನಾಳೆಯೇ ಇಲ್ಲಿ ಯಂತ್ರ. ಮೊದಲು ಏಳುವುದು ಆ ಪುಟ್ಟ ಗುಡ್ಡೆ.

"ಕಲ್ಲು," ಎಂದು ಎರಡನ್ನೂ ಗುಂಡಿಗೆ ಎಸೆದಳು. ಯಾರಿಗೂ ಹೇಳುವುದಿಲ್ಲ. ಅತ್ತೆಗೂ ಇಲ್ಲ.

ಅಪ್ಪನನ್ನು ಇಳಿಸಿದ ಮೇಲೆ ಸಲಿಕೆಯನ್ನು ಯಾರ ಕೈಗೂ ಕೊಡಲಿಲ್ಲ. ಹಲ್ಲು ಕಚ್ಚಿ, ಜಲ್ಲಿಮಣ್ಣನ್ನೇ ಮೊದಲು ಎಳೆದು ಹಾಕಿದಳು.

"ಪಾಪ, ಅಪ್ಪ ಅಂದ್ರೆ ಪ್ರಾಣ," ಎಂದು ಸೋದರತ್ತೆ ಯಾರಿಗೋ ಹೇಳುತ್ತಿದ್ದರು. ಅವಳು ತುಂಬಿದ ಮಣ್ಣಿನ ಮೇಲೆ ಹತ್ತಿ ನಿಂತು, ತುಳಿಯುತ್ತಲೇ ಇದ್ದಳು.