ಅಂಟು ಹಿಡಿಯದ ಕಾಲು

ಬಾಲ್ಕನಿಯ ಎಳೆಬಿಸಿಲಲ್ಲಿ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಎರಡು ಮೆಟ್ಟಿಲಿನ ಪ್ಲಾಸ್ಟಿಕ್ ಸ್ಟೂಲನ್ನು ಕಾಲು ಮೇಲಾಗಿ ಮಲಗಿಸಿ, ಅಂಟಣ್ಣ ಸೀಳುಬಿಟ್ಟ ಕಾಲಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದ. ಹನಿ ಹರಡಿಕೊಳ್ಳಲಿಲ್ಲ. ಎಣ್ಣೆ ಸವರಿದ ತಟ್ಟೆಯ ಮೇಲೆ ಬಿದ್ದಂತೆ ಗುಂಡಗೆ ನಿಂತು, ಅವನು ಕಾಲನ್ನು ಒಂದಿಷ್ಟು ವಾಲಿಸಿದ್ದೇ ತಡ, ಉರುಳಿ ಕೆಳಗೆ ಬಿತ್ತು.

ಅದರ ಅರ್ಥ ಅವನಿಗೆ ಗೊತ್ತಿತ್ತು. ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು ಅವನು. ಅಲ್ಲಿನ ಮೇಸ್ತ್ರಿ ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದೇ ಈ ಪರೀಕ್ಷೆ. ಮೈಗೆ ನೀರು ಹತ್ತಿಸಿಕೊಳ್ಳದ ಪ್ಲಾಸ್ಟಿಕ್ಕು ಅಂಟನ್ನೂ ಹತ್ತಿಸಿಕೊಳ್ಳುವುದಿಲ್ಲ. ಬಕೆಟ್ಟು, ಕುರ್ಚಿ, ಸ್ಟೂಲು ಮಾಡುವ, ಮುಟ್ಟಿದರೆ ಮೇಣದ ಹಾಗೆ ನುಣ್ಣಗಿರುವ ಜಾತಿ ಅದು. ಅಂಟು ಒಣಗಿದಾಗ ಗಟ್ಟಿಯಾಗಿ ಕೂತ ಹಾಗೇ ಕಾಣುತ್ತದೆ, ಭಾರ ಬಿದ್ದ ಹೊತ್ತಿಗೆ ಕೈಬಿಡುತ್ತದೆ. ಕಾರ್ಖಾನೆಯಲ್ಲಾದರೆ ಅಂಥದ್ದಕ್ಕೆ ಮೊದಲು ಬೆಂಕಿಯ ಬಿಸಿ ತೋರಿಸಿ, ಬೇರೊಂದು ಮದ್ದು ಸವರಿ, ಯಂತ್ರದಲ್ಲಿ ಒತ್ತಿ, ಆಮೇಲೂ ಎಳೆದು ನೋಡಿಯೇ ಮುಂದಕ್ಕೆ ಕಳಿಸುತ್ತಿದ್ದರು. ಮನೆಯಲ್ಲಿ ಅದ್ಯಾವುದು ಇರುತ್ತದೆ?

ಆದರೂ ಅವನು ಮರಳು ಕಾಗದ ಕೈಗೆತ್ತಿಕೊಂಡ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಕೈಗಳು ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಕಟ್ಟಡದ ನೆರೆಹೊರೆಯವರೆಲ್ಲ ಒಡೆದದ್ದು ಬಿರಿದದ್ದು ತಂದು ಕೊಡುತ್ತಿದ್ದರು, ಅಂಟಣ್ಣ ಎಂಬ ಹೆಸರೂ ಅವರೇ ಕೊಟ್ಟದ್ದು. ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಅಂಟು ತುಂಬಿ, ದಾರ ಬಿಗಿದು ಒಣಗಲಿಕ್ಕಿಟ್ಟರೆ ಅವನಿಗೆ ಒಂದು ನೆಮ್ಮದಿ. ಎಷ್ಟು ದಿನ ಬಾಳಿತು ಎಂದು ಯಾರೂ ಬಂದು ಹೇಳಿದ್ದಿಲ್ಲ, ಅವನೂ ಕೇಳಿದ್ದಿಲ್ಲ.

ಅವನ ಸ್ವಂತ ಮನೆಯಲ್ಲಿ ಅಂಟಿಸಿದ ಸಾಮಾನಿಗೆ ಒಂದು ದಾರಿ ತಾನಾಗಿ ಬಿದ್ದಿತ್ತು. ಅದನ್ನು ಮನೆಯವರು ಬಳಸುತ್ತಿರಲಿಲ್ಲ. ಹೆಂಡತಿ ಅಷ್ಟರಲ್ಲಿ ಹೊಸದು ತಂದಿರುತ್ತಿದ್ದಳು. ರಿಪೇರಿಯಾದದ್ದು ಚಪ್ಪಲಿ ಬಿಡುವ ಮೂಲೆಗೆ ಹೋಗಿ ಕೂರುತ್ತಿತ್ತು, ಕೆಲಸದಾಕೆ ಹೊರಡುವಾಗ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೊರಡುತ್ತಿದ್ದಳು. ಹಾಗೆಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಎಸೆಯುವ ಬದಲು ಪಾಪ ಒಬ್ಬರಿಗೆ ಆಯಿತಲ್ಲ ಎನ್ನುತ್ತಿದ್ದಳು ಹೆಂಡತಿ. ಅದು ಬಾಯಿಮಾತೂ ಅಲ್ಲ, ಅವಳು ಮನಸ್ಸಿನಿಂದಲೇ ಕೊಡುತ್ತಿದ್ದಳು.

ಈ ಸ್ಟೂಲು ಮಾತ್ರ ಮನೆಯಲ್ಲೇ ಉಳಿಯುವುದಿತ್ತು. ಮಗನ ಸಂಸಾರ ರಜೆಗೆ ಬರುವುದಿತ್ತು, ಅದಕ್ಕೆ ಮೊದಲು ಕೆಲಸದಾಕೆಯಿಂದ ಕಿಟಕಿಗಳನ್ನೆಲ್ಲ ತೊಳೆಸಬೇಕೆಂದು ಹೆಂಡತಿಯ ಲೆಕ್ಕಾಚಾರ. ಹೊಸ ಕಬ್ಬಿಣದ ಸ್ಟೂಲು ಬಂದಿದೆಯಲ್ಲ ಎಂದು ಅವನು ಅಂದದ್ದಕ್ಕೆ, ಒದ್ದೆ ಕಾಲು, ಸೋಪಿನ ನೀರು, ತಂದ ವಾರಕ್ಕೇ ತುಕ್ಕು ಹಿಡಿಸಬೇಕಾ ಎಂದು ಅವಳೇ ತಿರುಗಿ ಕೇಳಿದಳು. ಅವನಿಗೂ ಹೌದೆನ್ನಿಸಿತು. ಸಂಜೆ ದಾರ ಬಿಚ್ಚಿ ಕಾಲನ್ನು ಅಂಗೈಯಲ್ಲಿ ಒತ್ತುತ್ತ ಕೂತಿದ್ದಾಗ ಅವಳು ಕಾಫಿ ತಂದಿಟ್ಟಳು.

"ಹತ್ತಿ ನೋಡಿದ್ರಾ?"

"ಕೈಯಲ್ಲಿ ಒತ್ತಿ ನೋಡ್ದೆ. ಹಿಡಿದಿದೆ."

"ಹತ್ತಿ ನೋಡಿ ಅಂದೆ ರೀ ನಾನು."

"ನನ್ನ ಭಾರ ಏನು ಸಾಮಾನ್ಯವಾ? ಸುಮ್ನೆ ಯಾಕೆ ಪರೀಕ್ಷೆ ಮಾಡೋದು."

"ಅದೂ ಸರಿ ಅನ್ನಿ. ಹತ್ತೋಳು ಅವಳು ತಾನೆ. ಜೋರಾಗಿ ಗಾಳಿ ಬೀಸಿದ್ರೆ ಹಾರ್ಕೊಂಡು ಹೋಗ್ತಾಳೆ, ಅವಳದೇನು ಮಹಾ ಭಾರ."

ಇಬ್ಬರೂ ನಕ್ಕರು. ಕಾಫಿ ಮುಗಿದ ಮೇಲೂ ಅಂಟಣ್ಣ ಆ ಸ್ಟೂಲಿನ ಎದುರೇ ಕೂತಿದ್ದ. ಅಂಟು ತುಂಬಿದ ಗೆರೆ ಗಾಜಿನ ಹಾಗೆ ಹೊಳೆಯುತ್ತಿತ್ತು, ನೋಡಲು ಚೆಂದವಾಗಿತ್ತು. ಉಗುರಿನ ತುದಿಯಿಂದ ಅದರ ಅಂಚನ್ನು ಕೆದಕಿ ನೋಡಬೇಕೆನ್ನಿಸಿತು. ಕೆದಕಲಿಲ್ಲ.

ಮರುದಿನ ಕೆಲಸದಾಕೆ ಬಂದವಳೇ ಸೆರಗು ಸಿಕ್ಕಿಸಿಕೊಂಡು ಬಕೆಟ್ಟಿಗೆ ಸೋಪು ಕಲಸಿದಳು. ಸಣ್ಣ ಮೈಕಟ್ಟಿನ, ಕೈಗಿಂತ ಬಾಯಿ ಒಂದು ಹೆಜ್ಜೆ ಮುಂದಿರುವ ಹೆಂಗಸು. ಅಡುಗೆಮನೆಯ ಕಿಟಕಿಯೇ ಎಲ್ಲಕ್ಕಿಂತ ದೊಡ್ಡದು. ಗಾಳಿ ಬೆಳಕು ಚೆನ್ನಾಗಿರಲಿ ಎಂದು ಅದಕ್ಕೆ ಸರಳು ಹಾಕಿಸಿರಲಿಲ್ಲ. ಮೂರನೆಯ ಮಹಡಿ, ಕೆಳಗೆ ಸಿಮೆಂಟಿನ ಅಂಗಳ. ಅವಳು ಸ್ಟೂಲನ್ನು ಕಿಟಕಿಗೆ ಒತ್ತಿ ಇಟ್ಟು ಮೇಲಿನ ಮೆಟ್ಟಿಲು ಹತ್ತಿ ನಿಂತಳು. ಕಿಟಕಿಯ ಕೆಳಕಟ್ಟೆ ಅವಳ ಮೊಣಕಾಲಿಗೆ ಬಂತು. ಅದರಿಂದ ಮೇಲೆ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಅಂಟಣ್ಣ ತರಕಾರಿ ಹೆಚ್ಚುವ ನೆಪ ಮಾಡಿಕೊಂಡು ಅಲ್ಲೇ ನೆಲದ ಮೇಲೆ ಕೂತ. ಎದ್ದು ಹೋದರೆ ಏನೋ ಆಗುತ್ತದೆ ಎಂಬ ಭಯ, ಕೂತಿದ್ದರೆ ಕಣ್ಣಾರೆ ನೋಡಬೇಕಾಗುತ್ತದೆ ಎಂಬ ಭಯ. ಚಾಕು ಹಿಡಿದ ಕೈ ನಿಂತೇ ಹೋಗಿತ್ತು.

ಕೆಲಸದಾಕೆಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಹೊರಗಿನ ಗಾಜಿಗೆ ಕೈ ಚಾಚುತ್ತ, ಇಲ್ಲಿಂದ ನೋಡಿದರೆ ತನ್ನ ಮನೆಯ ಶೀಟಿನ ಸೂರು ಕಾಣುತ್ತದೆಂದೂ, ಇನ್ನೊಂದಿಷ್ಟು ಬಗ್ಗಿದರೆ ಬಾಗಿಲಲ್ಲಿ ಕೂತ ಅತ್ತೆಯೂ ಕಂಡಾಳೆಂದೂ ಹೇಳಿದಳು. ಅಮ್ಮಾವ್ರಿಗಿಂತ ಆ ಮುದುಕಿಯ ಕಣ್ಣು ಚುರುಕು, ತಾನು ಕೆಲಸ ಕದ್ದರೆ ಅಲ್ಲಿಂದಲೇ ಬೈದಾಳು ಎಂದು ತಾನೇ ನಕ್ಕಳು. ಒಲೆಯ ಮುಂದಿದ್ದ ಹೆಂಡತಿಯೂ ನಕ್ಕು, ಆ ಮೇಲಿನ ಮೂಲೆ ಬಿಡಬೇಡ, ಜೇಡರ ಬಲೆ ಇದೆ ಎಂದಳು.

ಕೆಲಸದಾಕೆಯ ಪಾದ ಅಂಟಣ್ಣನ ಕಣ್ಣಿನ ಮಟ್ಟಕ್ಕಿತ್ತು. ಬಲಪಾದದ ಮೇಲೆ ಚರ್ಮ ಸುಲಿದು ಹೊಸದು ಬರುತ್ತಿದ್ದ ಜಾಗ, ಎಳೆಗೆಂಪು, ಅಂಗೈಯಗಲ. ಅದಕ್ಕೆ ಅರಿಸಿನವೋ ಮುಲಾಮೋ ಮೆತ್ತಿತ್ತು. ಇದೇನಮ್ಮ ಎಂದು ಕೇಳಿದ.

"ಅದಾ? ಬಿಸಿನೀರು ಬಿತ್ತಣ್ಣ. ಅತ್ತೆಗೆ ಸ್ನಾನಕ್ಕೆ ಅಂತ ಎತ್ಕೊಂಡು ಹೋಗ್ತಿದ್ದೆ, ಬಕೆಟ್ಟಿನ ಹಿಡಿ ಕೈಯಲ್ಲೇ ಉಳೀತು, ಬಕೆಟ್ಟು ಕೆಳಗೆ ಹೋಯ್ತು." ಅವಳು ಗಾಜು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಹಳೇ ಮಾತು ಬಿಡಿ. ಒಂದು ತಿಂಗಳಾಯ್ತು."

ಅಂಟಣ್ಣ ಚಾಕು ಕೆಳಗಿಟ್ಟ. "ಯಾವ ಬಕೆಟ್ಟು?"

"ನೀಲಿದು. ನೀವೇ ಕೊಟ್ಟಿದ್ದಲ್ವಾ."

ಅದರ ಹಿಡಿ ಸಿಕ್ಕಿಸುವ ಕಿವಿಯನ್ನು ಅವನು ಅಂಟಿಸಿದ್ದ. ಅದರ ಮೇಲೂ ಅವತ್ತು ನೀರಿನ ಹನಿ ಉರುಳಿಹೋಗಿತ್ತು. ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದ.

"ಏನಂತ ಹೇಳೋದಣ್ಣ? ಪ್ರೀತಿಯಿಂದ ಕೊಟ್ಟಿದ್ದು. ಹಿಂಗಾಯ್ತು ಅಂದ್ರೆ ನೀವು ನೊಂದ್ಕೊತೀರಿ, ಇಲ್ಲಾಂದ್ರೆ ಇವಳಿಗೆ ಕೊಟ್ಟಿದ್ದೇ ತಪ್ಪಾಯ್ತು ಅಂತೀರಿ. ಎರಡೂ ನನಗೆ ಬೇಡ."

ಒಲೆಯ ಮುಂದೆ ಸೌಟು ಆಡುವ ಸದ್ದು ನಿಂತಿತು. ಅದೇ ಹೊತ್ತಿಗೆ ಸ್ಟೂಲಿನ ಕಾಲಿಂದ ಸಣ್ಣಗೆ 'ಟಿಕ್' ಎಂದಿತು.

ಬೇರೆಯವರ ಕಿವಿಗೆ ಅದು ಸದ್ದೇ ಅಲ್ಲ. ಹಲ್ಲಿ ಲೊಚಗುಟ್ಟಿದ್ದಕ್ಕಿಂತ ಮೆಲ್ಲಗೆ. ಅಂಟಣ್ಣನಿಗೆ ಮಾತ್ರ ಅದು ಚೆನ್ನಾಗಿ ಗೊತ್ತು. ಅಟ್ಟೆ ಎಳೆದು ನೋಡುವಾಗ ಮೊದಲು ಬರುವ ಸದ್ದು ಅದು. ಅದು ಬಂದ ಮೇಲೆ ಎರಡನೆಯದಕ್ಕೆ ಹೆಚ್ಚು ಹೊತ್ತು ಕಾಯಬೇಕಿಲ್ಲ.

ಹೇಳಬೇಕು. ಹೇಳಿದರೆ ನಿನ್ನೆಯೇ ಗೊತ್ತಿತ್ತೆಂದೂ ಹೇಳಬೇಕು. ಅದರಲ್ಲೂ ಇವಳ ಮುಂದೆ, ಸುಟ್ಟ ಕಾಲಲ್ಲಿ ಅವನ ಮನೆಯ ಗಾಜು ಹೊಳೆಯಿಸುತ್ತಿರುವವಳ ಮುಂದೆ. ಇನ್ನೇನು ಮುಗಿಯಿತಲ್ಲ, ಒಂದು ಮೂಲೆ ತಾನೆ ಎಂದು ಒಳಗೊಬ್ಬ ಪಿಸುಗುಟ್ಟುತ್ತಿದ್ದ. ಅವಳು ಜೇಡರ ಬಲೆಗೆಂದು ತುದಿಗಾಲಲ್ಲಿ ನಿಂತು ಹೊರಗೆ ಬಾಗಿದಳು. ಅಂಟಿನ ಗೆರೆ ಕೂದಲೆಳೆಯಷ್ಟು ಬಿಳಿಚಿಕೊಂಡಿತು.

ಅವನು ಎದ್ದದ್ದು ಅವನಿಗೇ ತಿಳಿಯಲಿಲ್ಲ. ಹೆಚ್ಚಿದ ತರಕಾರಿಯೆಲ್ಲ ನೆಲಕ್ಕೆ ಚೆಲ್ಲಿತು. ಮಂಡಿಯೂರಿ ಸ್ಟೂಲಿನ ಆ ಕಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ಇಳಿಯಮ್ಮ."

"ಇನ್ನೊಂದು ಚೂರು, ಅಣ್ಣ. ಬಲೆ ಒಂದು ತೆಗೆದು..."

"ಬಲೆ ಇರ್ಲಿ. ನನ್ನ ತಲೆ ಹಿಡ್ಕೊಂಡು ಇಳಿ. ಈ ಕಡೆ ಭಾರ ಬಿಡಬೇಡ."

ಅವನ ಮುಖ ನೋಡಿ ಅವಳು ಮಾತು ಬೆಳೆಸಲಿಲ್ಲ. ಒದ್ದೆ ಕೈಯನ್ನು ಅವನ ನೆತ್ತಿಯ ಮೇಲಿಟ್ಟು ಇಳಿದಳು. ಇದೇನು ಅವತಾರ ಎಂದು ಹೆಂಡತಿ ಕೇಳುತ್ತಿದ್ದಂತೆಯೇ ಅಂಟಣ್ಣ ಸ್ಟೂಲನ್ನು ಕಿಟಕಿಯಿಂದ ದೂರ, ಅಡುಗೆಮನೆಯ ನಡುವಿಗೆ ಎಳೆದು ತಂದು ತಾನು ಹತ್ತಿದ. ಮೊದಲ ಮೆಟ್ಟಿಲು ತಡೆಯಿತು. ಎರಡನೆಯದರ ಮೇಲೆ ಪೂರ್ತಿ ನಿಲ್ಲುವ ಮೊದಲೇ ಕಾಲು ಕಿತ್ತು ಬಂತು. ಅವನು ಪಕ್ಕಕ್ಕೆ ಬಿದ್ದು, ಮೊಣಕೈ ಗೋಡೆಗೆ ಬಡಿದು, ಹಾಗೇ ನೆಲದ ಮೇಲೆ ಕೂತ. ಕಿತ್ತ ಕಾಲಿನ ಕಡೆ ಅಂಟಿನ ಸುಳಿವೇ ಇರಲಿಲ್ಲ. ಅಂಟೆಲ್ಲ ಆಚೆ ಕಡೆ ಗಾಜಿನ ಸಿಪ್ಪೆಯ ಹಾಗೆ ನಿಂತಿತ್ತು. ಈ ಕಡೆ ನುಣ್ಣಗೆ, ತೊಳೆದಿಟ್ಟ ಹಾಗೆ.

ಹೆಂಡತಿ ಅವನನ್ನು ಎಬ್ಬಿಸಲು ಬಂದವಳು ನಡುವೆ ನಿಂತು ಕಿಟಕಿಯ ಕಡೆ ನೋಡಿದಳು. ಹೋಗಿ ಕಿಟಕಿ ಮುಚ್ಚಿ ಚಿಲಕ ಹಾಕಿದಳು.

"ನಿನ್ನೇನೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು ಕಣೇ."

ಅವಳು ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತು. "ನೀವು ಹತ್ತಲ್ಲ ಅಂದಾಗ ನನಗೂ ಅರ್ಥ ಆಗಿತ್ತು," ಎಂದಳು. "ಆದ್ರೂ ನಕ್ಕೆ."

ಕೆಲಸದಾಕೆ ಇಬ್ಬರ ಮುಖವನ್ನೂ ನೋಡುತ್ತ, ಏನೂ ಆಗಲಿಲ್ಲವಲ್ಲ ಬಿಡಿ ಎಂದು ನೆಲದ ತರಕಾರಿ ಆಯತೊಡಗಿದಳು. ಅಂಟಣ್ಣನಿಗೆ ಅಲ್ಲಿಗೆ ಬಿಡಲಾಗಲಿಲ್ಲ. ತಾನು ಅಂಟಿಸಿ ಕೊಟ್ಟದ್ದು ಅವಳ ಮನೆಯಲ್ಲಿ ಇನ್ನೇನೇನಿದೆ ಎಂದು ಕೇಳಿದ. ಅವಳು ನೆನಪಿಸಿಕೊಂಡು ಹೇಳಿದಳು. ಮಗ್ಗು ಇತ್ತು, ಅದು ಹೋಯಿತು. ಪಾತ್ರೆ ಬೋರಲು ಹಾಕುವ ಬುಟ್ಟಿ ಇದೆ. ಆಮೇಲೆ ಕುರ್ಚಿ.

"ಯಾವ ಕುರ್ಚಿ?"

"ಕೈ ಇರೋದು, ಬಿಳೀದು. ಹಿಂದಿನ ಕಾಲು ಬಿರಿದಿತ್ತಲ್ಲ, ಅದು. ಅತ್ತೆ ಅದರಲ್ಲೇ ಕೂರೋದು."

"ಈಗ ಕೂತಿದಾರಾ?"

"ಬೆಳಿಗ್ಗೆ ಕೂರಿಸಿ ಬಂದ್ರೆ ನಾನು ಹೋಗೋ ತನಕ ಅಲ್ಲೇ. ಅವರಿಗೆ ತಾವಾಗಿ ಏಳೋಕಾಗಲ್ವಲ್ಲ ಅಣ್ಣ, ಸೊಂಟ ಬಿದ್ದೋಗಿದೆ. ಬೀದಿ ನೋಡ್ಕೊಂಡು ಕೂತಿರ್ತಾರೆ, ಬಾಗಿಲಲ್ಲಿ, ಮೆಟ್ಟಿಲ ಅಂಚಿಗೆ." ಹೇಳುತ್ತ ಹೇಳುತ್ತ ಅವಳ ಸ್ವರ ಇಳಿಯಿತು. ಮುರಿದ ಕಾಲಿನ ನುಣುಪು ಈಗ ಅವಳ ಕಣ್ಣಿಗೂ ಬಿತ್ತು.

ಅಂಟಣ್ಣ ಚಪ್ಪಲಿ ಮೆಟ್ಟಿಕೊಂಡ. ಅವಳೂ ಕೈ ಒರೆಸಿಕೊಳ್ಳದೆ ಹಿಂದೆ ಹೊರಟಳು. ಆಗ ಹೆಂಡತಿ ಬಾಗಿಲಿಗೆ ಅಡ್ಡ ಬಂದಳು.

"ಬರಿಗೈಲಿ ಹೋಗಿ ಅವರನ್ನ ನೆಲದ ಮೇಲೆ ಕೂರಿಸ್ತೀರಾ?"

ಅವಳು ಒಳಗಿಂದ ತಾನು ದಿನಾ ಕೂರುವ ಮರದ ಕುರ್ಚಿಯನ್ನು ಎಳೆದು ತಂದಳು. ಅದರ ಮೇಲಿನ ದಿಂಬು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ದಿಂಬನ್ನೂ ಕುರ್ಚಿಯ ಮೇಲೇ ಇಟ್ಟಳು.

ಅಂಟಣ್ಣ, ಕೆಲಸದಾಕೆ ಇಬ್ಬರೂ ಬೀದಿಗಿಳಿದರು. ಕುರ್ಚಿ ಅಂಟಣ್ಣನ ತಲೆಯ ಮೇಲೆ, ದಿಂಬು ಅವಳ ಕೈಯಲ್ಲಿ. ಮೊಣಕೈ ಸೆಳೆಯುತ್ತಿತ್ತು, ಅವನು ನಡಿಗೆ ನಿಧಾನಿಸಲಿಲ್ಲ. ತಿರುವು ಬಂದಾಗಲೆಲ್ಲ ಮುಂದೆ ಜನ ಗುಂಪುಗೂಡಿದ್ದಾರೇನೋ ಎಂದು ಕತ್ತು ಚಾಚುತ್ತಿದ್ದ. ಒಂದು ಕಡೆ ಗುಂಪು ಇತ್ತು. ತಳ್ಳುಗಾಡಿಯವನು ಈರುಳ್ಳಿ ಮಾರುತ್ತಿದ್ದ.

ಮುದುಕಿ ಬಾಗಿಲಲ್ಲೇ ಕೂತಿದ್ದಳು. ಕುರ್ಚಿಯ ಹಿಂದಿನ ಕಾಲು ಹೊರಕ್ಕೆ ಸೊಟ್ಟಗಾಗಿತ್ತು. ಅವಳು ಅದೇ ಮಗ್ಗುಲಿಗೆ ವಾಲಿ, ಬೀದಿಯಲ್ಲಿ ಬರುತ್ತಿರುವವರು ಯಾರೆಂದು ಹುಬ್ಬಿಗೆ ಕೈ ಅಡ್ಡ ಇಟ್ಟು ನೋಡುತ್ತಿದ್ದಳು. ಆ ಮಗ್ಗುಲಲ್ಲಿ ಒಂದು ಗೇಣು ಜಾಗ, ಅದಾದ ಮೇಲೆ ಕಲ್ಲಿನ ಮೆಟ್ಟಿಲು.

"ಅತ್ತೆ, ಅಲ್ಲಾಡಬೇಡಿ," ಎಂದಳು ಸೊಸೆ.

"ನಾನೆಲ್ಲಿ ಅಲ್ಲಾಡ್ಲಿ? ಈ ಕುರ್ಚಿ ಬಂದ್ಮೇಲೆ ರಾಣಿ ಥರ ಕೂತಿದೀನಿ. ಇವರ್ಯಾರೇ?"

ಅಂಟಣ್ಣ ತಲೆಯ ಮೇಲಿನ ಕುರ್ಚಿಯನ್ನು ಸದ್ದಾಗದಂತೆ ಕೆಳಗಿಟ್ಟ. ಮುದುಕಿಯ ಪಕ್ಕಕ್ಕೆ ಮಂಡಿಯೂರಿ, ಸೊಟ್ಟ ಕಾಲಿಗೆ ತನ್ನ ತೊಡೆಯನ್ನು ಆನಿಸಿ, ಕೈಯಿಂದ ಸೀಟಿನ ಅಡಿಯನ್ನು ಹಿಡಿದುಕೊಂಡ. ಅದರೊಳಗಿನ ಬಿಗಿತ, ಇನ್ನೇನು ಬಿಡುತ್ತೇನೆಂಬ ನಡುಕ, ಅವನ ಅಂಗೈಗೆ ತಾಗುತ್ತಿತ್ತು.

"ಯಾರಪ್ಪ ನೀನು? ಕೆಳಗ್ಯಾಕೆ ಕೂತೆ?"

"ನನ್ನ ಭುಜ ಹಿಡ್ಕೊಳ್ಳಿ ಅಮ್ಮ. ಎರಡೂ ಕೈ ಇಡಿ. ಪೂರ್ತಿ ಭಾರ ನನ್ನ ಮೇಲೆ ಹಾಕಿ."

ಮುದುಕಿಗೆ ನಗು ಬಂತು. "ನನ್ನ ಭಾರ ತಡೀತೀಯಾ ನೀನು? ನಿನಗೂ ವಯಸ್ಸಾಗಿದೆಯಲ್ಲೋ."

"ತಡೀತೀನಿ," ಎಂದ ಅಂಟಣ್ಣ. "ಹಾಕಿ ನೋಡಿ."